ಮುಮ್ಮಡಿ ಕೃಷ್ಣರಾಜ ಒಡೆಯರು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ರವಿವರ್ಮನ ಚಿತ್ರಗಳನ್ನೂ ಹಳದಣಕರರ ದೀಪ ಹಿಡಿದ ಹೆಣ್ಣನ್ನೂ ಹೊಗಳದವರಿಲ್ಲ. ಆದರೆ ಆ ಮನೆಯನ್ನು ಕಟ್ಟಿಸಿದ ದೊರೆಯ ಬಾಳನ್ನು ನೆನೆಯುವವರು ಕಡಮೆ.

ಮುಮ್ಮಡಿ ಕೃಷ್ಣರಾಜ ಒಡೆಯರು ಜನಿಸಿದ್ದು 1794ರಲ್ಲಿ. ಟಿಪ್ಪುಸುಲ್ತಾನನು ಮಡಿದ 1799ರಲ್ಲಿ, ಇನ್ನೂ ಐದು ತುಂಬದ ಮಗುವಿಗೆ ಪಟ್ಟವಾಯಿತು. ಕೆಲವು ಕಾಲ ದಿವಾನ್ ಪೂರ್ಣಯ್ಯನವರೇ ರಾಜ್ಯಭಾರ ನಡೆಸಿದರು. ಬಳಿಕ ದೊರೆಗಳು ತಾವೇ ಅಧಿಕಾರ ವಹಿಸಿಕೊಂಡರು.

ಮುಂದಿನ ಕಥೆ ನಮ್ಮ ಕಡೆಗೂ ಸಂಬಂಧಿಸಿದ್ದು. ಆಗ ಶರತ್ತು ಎಂಬ ಪದ್ಧತಿಯಿತ್ತು. ಇಂತಿಷ್ಟು ಹಣ ಒಪ್ಪಿಸುವೆನೆಂದು ಅಮಲ್ದಾರನು ಬರೆದುಕೊಡುತ್ತಿದ್ದನು. ಆ ಹಣ ರೈತನಿಂದಲೇ ಬರಬೇಕಷ್ಟೆ! 1830ರಲ್ಲಿ, ನಮ್ಮ ಚನ್ನಗಿರಿಗೆ ಬಹು ದೂರವಲ್ಲದ ನಗರ ಸೀಮೆಯಲ್ಲಿ ರೈತರು ದಂಗೆಯೆದ್ದರು. ಸೈನ್ಯಬಲದಿಂದ ಅದನ್ನು ಅಡಗಿಸಲಾಯಿತು. ಅದನ್ನೇ ನೆವಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ಕಿತ್ತುಕೊಂಡನು. ಕೆರೆಬಿಳಚಿಯ ಒಂದು ಬೇಸಾಯದ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗನಾದ ನಾನು, ಈ ಭಾಗವನ್ನು ಓದುವಾಗ ರೈತನ ಪಕ್ಷವನ್ನೇ ವಹಿಸುತ್ತೇನೆ. ದೊರೆಯದೆಂಬ ಮಾತ್ರಕ್ಕೆ ತಪ್ಪು ಒಪ್ಪಾಗದು.

ಆದರೂ ಆಮೇಲಿನ ಮೂವತ್ತಾರು ವರ್ಷಗಳನ್ನು ನೋಡಿದರೆ ಮನಸ್ಸು ಮೆತ್ತಗಾಗುತ್ತದೆ. ರಾಜ್ಯವಿಲ್ಲದ ರಾಜರಾಗಿ, ರಾಜ್ಯವನ್ನು ಮರಳಿ ಕೇಳುತ್ತಲೇ ಅವರು ವಿದ್ಯೆಗೂ ಕಲೆಗೂ ಆಶ್ರಯವಿತ್ತರು. 1833ರಲ್ಲಿ ಅವರು ಮೈಸೂರಿನಲ್ಲಿ ತೆರೆದ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ದೇವತಾಮೂರ್ತಿಗಳ ಲಕ್ಷಣವನ್ನು ಚಿತ್ರಸಹಿತ ತಿಳಿಸುವ ಶ್ರೀತತ್ತ್ವನಿಧಿ ಅವರ ಆಸ್ಥಾನದಲ್ಲಿ ಸಿದ್ಧವಾಯಿತು. 1861ರಲ್ಲಿ ಜಗನ್ಮೋಹನ ಅರಮನೆ ಎದ್ದಿತು. ಅದರ ಗೋಡೆಗಳ ಮೇಲೆ ನಮ್ಮ ನಾಡಿನ ಚಿತ್ರಗಾರರು ದಸರಾ ಮೆರವಣಿಗೆಯನ್ನೂ ಒಡೆಯರ ವಂಶವೃಕ್ಷವನ್ನೂ ಬರೆದರು.

1865ರಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತುಪುತ್ರನಿಗೆ ರಾಜ್ಯವನ್ನು ಹಿಂದಿರುಗಿಸಲು ಬ್ರಿಟಿಷರು 1867ರಲ್ಲಿ ಒಪ್ಪಿದರು. ಮರುವರ್ಷವೇ ಅವರು ಕಾಲವಾದರು. ರಾಜ್ಯ ಮರಳಿದ್ದು 1881ರಲ್ಲಿ.

1897ರಲ್ಲಿ ಹಳೆಯ ಅರಮನೆಯು ಬೆಂಕಿಗೆ ತುತ್ತಾದಾಗ ರಾಜಪರಿವಾರಕ್ಕೆ ಜಗನ್ಮೋಹನವೇ ನೆಲೆಯಾಯಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ಸ್ವೀಕರಿಸಿದ್ದೂ ಅಲ್ಲಿಯೇ. ಹೊಸ ಅರಮನೆ ಸಿದ್ಧವಾದ ಮೇಲೆ, 1915ರಲ್ಲಿ ಈ ಹಳೆಯ ಮನೆ ಚಿತ್ರಶಾಲೆಯಾಯಿತು. ಒಡೆಯರ ಮನೆಯ ಬಾಗಿಲು ಹೀಗೆ ಪ್ರಜೆಗಳಿಗೆ ತೆರೆಯಿತು.

ಶರತ್ತಿನ ಭಾರಕ್ಕೆ ನಲುಗಿದ ರೈತರನ್ನು ಮರೆತು ಈ ದೊರೆಯನ್ನು ಹೊಗಳುವುದು ಸಲ್ಲದು. ಅವರು ಬೆಳೆಸಿದ ಕಲೆಯನ್ನು ಮರೆತು ತೆಗಳುವುದೂ ಸಲ್ಲದು. ಮೈಸೂರಿಗೆ ಹೋಗುವ ಗೆಳೆಯರು ತೂಗುಹಾಕಿದ ಚಿತ್ರಗಳಷ್ಟನ್ನೇ ಅಲ್ಲ, ಆ ಗೋಡೆಗಳನ್ನೂ ಒಂದು ಗಳಿಗೆ ನಿಂತು ನೋಡಿ ಬರಲಿ.