ಬಡವರ ವಕೀಲ ರಂಗರಾಯರು

ನಮ್ಮ ಹಾಸನದಿಂದ ಶಿರಾಡಿ ಘಾಟಿ ಇಳಿದರೆ ಸಿಗುವ ಮಂಗಳೂರಿನಲ್ಲಿ ಬಡವರ ವಕೀಲರೆಂದೇ ಹೆಸರಾದವರು ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ ಹುಟ್ಟಿದರು. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ಅಲ್ಪ ಸಂಬಳದ ಮೇಷ್ಟ್ರಾಗಿ ದುಡಿಯುತ್ತಲೇ ಓದಿ ವಕೀಲರಾದರು. ಫೀಸು ಕೊಡಲಾಗದವರ ಪರ ನಿಂತರು.

ಒಂದು ಕೇಸು ಗೆದ್ದರೆ ಒಬ್ಬನಿಗೆ ನ್ಯಾಯ ಸಿಗುತ್ತದೆ. ಆದರೆ ಕಾಗದ ಓದಲು ಬಾರದವನು ನಾಳೆ ಮತ್ತೆ ಮೋಸ ಹೋಗುತ್ತಾನೆ. ರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಉರ್ವ ಚಿಲಿಂಬಿಯ ಬಾಡಿಗೆ ಮನೆಯಲ್ಲಿ ಶಾಲೆ ತೆರೆದರು. ಮೇಲ್ಜಾತಿಯವರು ಸಿಡಿದೆದ್ದರು, ಸ್ವಂತ ಸಮಾಜವೇ ಬಹಿಷ್ಕಾರ ಹಾಕಿತು. ಅವರು ಜಗ್ಗಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಮಕ್ಕಳಿಗೆ ಪಾಠದ ಜೊತೆ ಮಧ್ಯಾಹ್ನದ ಊಟ, ನೇಯ್ಗೆ, ಮರಗೆಲಸದ ತರಬೇತಿ ಕೊಡಿಸಿದರು.

ತಮ್ಮ ಶಾಲೆಯಲ್ಲಿ ಕಲಿತ ಮಗು ಸರ್ಕಾರಿ ನೌಕರಿ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರ ಜನವರಿ 30ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ದಲಿತರೇ ಹೆಗಲು ಕೊಟ್ಟರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಶಾಲೆಗೆ ಭೇಟಿ ಕೊಟ್ಟರು.

ಇಂದು ನಮ್ಮ ಎಂಜಿನಿಯರಿಂಗ್ ತರಗತಿಯಲ್ಲಿ ಎಲ್ಲ ಜಾತಿಯವರೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಆ ಬೆಂಚು ಹಾಕಿಕೊಟ್ಟವರಲ್ಲಿ ಈ ವಕೀಲರೂ ಒಬ್ಬರು.

– ಬಿ.ಇ. ವಿದ್ಯಾರ್ಥಿ, ದಂಡಿಗನಹಳ್ಳಿ