ಮಗುವಿನ ಕುತ್ತಿಗೆಯ ಗಂಟು ನೀರೋ, ಗಡ್ಡೆಯೋ? ಉತ್ತರದ ದಾರಿ ತೋರಿದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್

ಮಗುವಿನ ಕುತ್ತಿಗೆಯಲ್ಲಿ ಗಂಟು ಕಾಣಿಸಿದರೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಅಲ್ಟ್ರಾಸೌಂಡ್. ಒಳಗಿರುವುದು ನೀರೋ, ಗಟ್ಟಿ ಗಡ್ಡೆಯೋ ಎಂಬುದು ನಿಮಿಷಗಳಲ್ಲಿ ತಿಳಿಯುತ್ತದೆ. ವಿಕಿರಣದ ಭಯವಿಲ್ಲ. ಅಮ್ಮನ ಮಡಿಲಲ್ಲೇ ಪರೀಕ್ಷೆ ಮುಗಿಯಬಹುದು. ಈ ಅನುಕೂಲಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಇಯಾನ್ ಡೊನಾಲ್ಡ್ ಮಕ್ಕಳ ವೈದ್ಯರೇ ಅಲ್ಲ, ಹೆರಿಗೆ ತಜ್ಞ.

1910ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಜನಿಸಿದ ಡೊನಾಲ್ಡ್, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವೈದ್ಯರಾಗಿದ್ದರು. ರಾಡಾರ್, ಸೋನಾರ್ ಬಗ್ಗೆ ಆಸಕ್ತಿ ಹುಟ್ಟಿದ್ದು ಆಗಲೇ. 1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಗ್ಲಾಸ್ಗೋ ಸಮೀಪದ ರೆನ್‌ಫ್ರೂನಲ್ಲಿ ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದಿತ್ತು. ಲೋಹದ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಅಲ್ಲಿ ಶಬ್ದತರಂಗ ಹಾಯಿಸಿ ನೋಡುತ್ತಿದ್ದರು. 1955ರ ಜುಲೈನಲ್ಲಿ ಡೊನಾಲ್ಡ್, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಅಲ್ಲಿಗೇ ಹೋದರು! ಹೋಲಿಕೆಗೆಂದು ಕಾರ್ಖಾನೆಯವರು ದನದ ಮಾಂಸದ ತುಂಡೊಂದನ್ನು ತರಿಸಿಟ್ಟಿದ್ದರು. ನೀರು ತುಂಬಿದ ಗಡ್ಡೆಯ ಪ್ರತಿಧ್ವನಿಯೇ ಬೇರೆ, ಗಟ್ಟಿ ಗಡ್ಡೆಯದೇ ಬೇರೆ ಎಂಬುದು ಸ್ಪಷ್ಟವಾಯಿತು.

ಮುಂದೆ ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕಾರ್ ಜೊತೆಗೂಡಿದರು. ಆರಂಭದ ಚಿತ್ರಗಳು ಮಸುಕು, ನಂಬಿದವರು ಕಡಿಮೆ. ನಂಬಿಕೆ ಬದಲಿಸಿದ್ದು ಒಬ್ಬ ಮಹಿಳೆಯ ಹೊಟ್ಟೆ. ಗುಣವಾಗದ ಜಠರ ಕ್ಯಾನ್ಸರ್ ಎಂದು ವೈದ್ಯರು ಕೈಚೆಲ್ಲಿದ್ದರು. ಡೊನಾಲ್ಡ್ ಯಂತ್ರ ತೋರಿಸಿದ್ದು ನೀರು ತುಂಬಿದ ಭಾರೀ ಚೀಲ. ಅದು ಅಂಡಾಶಯದ ಸಿಸ್ಟ್. ತೆಗೆದ ಮೇಲೆ ಆಕೆ ಚೇತರಿಸಿಕೊಂಡರು. 1958ರ ಜೂನ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಈ ತಂಡದ ಲೇಖನ ಪ್ರಕಟಿಸಿತು.

ಹೃದಯದ ಕವಾಟದ ತೊಂದರೆಯಿಂದ ಡೊನಾಲ್ಡ್ ಸ್ವತಃ ಹಲವು ಬಾರಿ ಶಸ್ತ್ರಚಿಕಿತ್ಸೆಗೆ ಒಳಗಾದರು, ಆದರೂ ಕೆಲಸ ಬಿಡಲಿಲ್ಲ. 1987ರ ಜೂನ್ 19ರಂದು ನಿಧನರಾದರು.

ಹೊಟ್ಟೆಯಿಂದ ಶುರುವಾದ ತಂತ್ರ ಬೇರೆ ವೈದ್ಯರ ಕೈಯಲ್ಲಿ ಕುತ್ತಿಗೆಗೂ ಬಂತು. ಮಕ್ಕಳ ಕುತ್ತಿಗೆ ತೆಳು. ಗಂಟು ಚರ್ಮಕ್ಕೆ ಹತ್ತಿರವಿರುವುದರಿಂದ ಚಿತ್ರ ಸ್ಪಷ್ಟ. ತೀರಾ ಆಳದಲ್ಲಿದ್ದರೆ ಮಾತ್ರ ಎಂಆರ್‌ಐ ಅಥವಾ ಸಿಟಿ ಬೇಕಾದೀತು. ಕುತ್ತಿಗೆಯ ನಡುವೆ ಗಂಟಿದ್ದರೆ ವೈದ್ಯರು ಇನ್ನೊಂದನ್ನೂ ನೋಡುತ್ತಾರೆ: ಥೈರಾಯ್ಡ್ ಗ್ರಂಥಿ ತನ್ನ ಜಾಗದಲ್ಲಿ ಇದೆಯೇ ಎಂದು. ಕೆಲವು ಮಕ್ಕಳಲ್ಲಿ ಆ ಗಂಟೇ ದೇಹದ ಏಕೈಕ ಥೈರಾಯ್ಡ್ ಆಗಿರುವುದುಂಟು. ನೋಡದೆ ತೆಗೆದರೆ ಮಗು ಜೀವನವಿಡೀ ಮಾತ್ರೆ ನುಂಗಬೇಕಾಗುತ್ತದೆ.