ಮಹಾಸ್ಥಪತಿ ಇಮ್‌ಹೋಟೆಪ್

ಈಜಿಪ್ಟಿನ ಪಿರಮಿಡ್ಡುಗಳೆಂದೊಡನೆ ಗೀಜಾದ ಮಹಾಪಿರಮಿಡ್ಡೇ ಕಣ್ಣೆದುರು ನಿಲ್ಲುತ್ತದೆ. ಆದರೆ ಆ ಪರಂಪರೆಯ ಮೊದಲ ಕೃತಿ ಸಕ್ಕಾರಾದ ಮೆಟ್ಟಿಲು ಪಿರಮಿಡ್. ಸುಮಾರು ಕ್ರಿ.ಪೂ. 2650ರಲ್ಲಿ ಜೋಸರ್ ದೊರೆಗಾಗಿ ಅದನ್ನು ರೂಪಿಸಿದ ಕೀರ್ತಿ ಆತನ ಅಧಿಕಾರಿ ಇಮ್‌ಹೋಟೆಪನಿಗೆ ಸಲ್ಲುತ್ತದೆ.

ಇಮ್‌ಹೋಟೆಪನ ಜನನ, ಬಾಲ್ಯ, ವಿದ್ಯಾಭ್ಯಾಸಗಳನ್ನು ತಿಳಿಸುವ ಸಮಕಾಲೀನ ಲೇಖನಗಳು ಉಳಿದುಬಂದಿಲ್ಲ. ಆದಕಾರಣ ಆತನ ಚರಿತ್ರೆಯನ್ನು ಕಟ್ಟಡದಲ್ಲಿಯೇ ಓದಬೇಕಾಗುತ್ತದೆ. ಅಲ್ಲಿಯವರೆಗೆ ಅರಸರ ಸಮಾಧಿಗಳನ್ನು ಬಹುಮಟ್ಟಿಗೆ ಹಸಿ ಇಟ್ಟಿಗೆಯಿಂದಲೇ ಕಟ್ಟುತ್ತಿದ್ದರು. ಈತನಾದರೋ ಸಮಾಧಿಯನ್ನು ಕಲ್ಲಿನಲ್ಲಿ ಕಟ್ಟತೊಡಗಿದನು. ಮೊದಲು ಎದ್ದುದು ಸುಮಾರು 63 ಮೀಟರ್ ಚೌಕದ, 8 ಮೀಟರ್ ಎತ್ತರದ ಚಪ್ಪಟೆ ಕಟ್ಟಡ ಮಾತ್ರ. ಅದನ್ನು ಹಿಗ್ಗಿಸುತ್ತ ಹೋಗಿ ನಾಲ್ಕು ಅಂತಸ್ತುಗಳನ್ನೇರಿಸಿದರು. ಅಷ್ಟಕ್ಕೆ ತೃಪ್ತರಾಗದೆ ಆರಕ್ಕೆ ಒಯ್ದರು. ಒಟ್ಟು ಎತ್ತರ ಸುಮಾರು 60 ಮೀಟರ್. ಭಾರವು ನಡುವಿಗೆ ಒರಗುವಂತೆ ಕಲ್ಲಿನ ಸಾಲುಗಳನ್ನು ಒಳಕ್ಕೆ ಓರೆಯಾಗಿಟ್ಟುದು ಗಮನಾರ್ಹವಾದ ಯುಕ್ತಿ.

ಆದರೂ ಹೊಸ ವಸ್ತುವಿನ ಬಗ್ಗೆ ಅಳುಕು ಇದ್ದಿತು. ಆರಂಭದ ಕಲ್ಲುಗಳು ಇಟ್ಟಿಗೆಗಳಂತೆ ಚಿಕ್ಕವು. ಪ್ರವೇಶಮಂಟಪದ ಕಂಬಗಳು ಜೊಂಡಿನ ಕಂತೆಗಳ ರೂಪದಲ್ಲಿವೆ. ಒಂಟಿಯಾಗಿ ನಿಲ್ಲಲಾರವೆಂಬ ಶಂಕೆಯಿಂದಲೋ ಏನೋ, ಪಕ್ಕದ ಗೋಡೆಗಳಿಗೆ ಅವುಗಳನ್ನು ಬೆಸೆಯಲಾಗಿದೆ. ನೋಡಿ ಅನುಸರಿಸಲು ಮುಂಚಿನ ಮಾದರಿಯೇ ಇಲ್ಲದವನ ಈ ಎಚ್ಚರಿಕೆಯನ್ನು ದೌರ್ಬಲ್ಯವೆಂದು ಎಣಿಸಲಾಗದು. ಮುಂದೆ ಸುಮಾರು ಒಂದು ಶತಮಾನದೊಳಗೇ ಗೀಜಾದಲ್ಲಿ 146 ಮೀಟರ್ ಎತ್ತರದ ಪಿರಮಿಡ್ ತಲೆಯೆತ್ತಿತು.

ತೀರಿಕೊಂಡ ಬಳಿಕ ಇಮ್‌ಹೋಟೆಪನ ಕೀರ್ತಿ ಬೇರೊಂದು ದಿಕ್ಕಿಗೆ ತಿರುಗಿತು. ಲಿಪಿಕಾರರು ಬರೆಯತೊಡಗುವ ಮುನ್ನ ಆತನ ಹೆಸರಿನಲ್ಲಿ ನೀರಿನ ಹನಿಗಳನ್ನು ಅರ್ಪಿಸುತ್ತಿದ್ದರು. ಎರಡು ಸಾವಿರ ವರ್ಷಗಳಾದ ಮೇಲೆ ಆತ ಪ್‌ಟಾ ದೇವನ ಮಗನೆನಿಸಿದನು. ಗ್ರೀಕರು ತಮ್ಮ ವೈದ್ಯದೇವತೆ ಅಸ್ಕ್ಲೇಪಿಯಸನೇ ಈತನೆಂದು ಪೂಜಿಸಿದರು. ಆತ ವೈದ್ಯನಾಗಿದ್ದನೆಂಬುದಕ್ಕೆ ಅವನ ಕಾಲದ ಆಧಾರವೊಂದೂ ದೊರೆತಿಲ್ಲ. ಆ ಕಾಲದ ಕಂಚಿನ ಕಿರುಮೂರ್ತಿಗಳಲ್ಲಿ ಮಾತ್ರ ಕಿರೀಟವೂ ಇಲ್ಲ, ಆಯುಧವೂ ಇಲ್ಲ. ಮಡಿಲಲ್ಲಿ ಬಿಡಿಸಿಟ್ಟ ಪಪೈರಸ್ ಸುರುಳಿಯೊಂದಿದೆ.

ದೇವತ್ವದ ಈ ತೆರೆ ಸರಿದು ಮನುಷ್ಯನು ಕಂಡುದು 1926ರಲ್ಲಿ. ಸಕ್ಕಾರಾದಲ್ಲಿ ದೊರೆತ ಜೋಸರನ ಭಗ್ನವಿಗ್ರಹದ ಪೀಠದ ಮೇಲೆ, ರಾಜನ ಹೆಸರಿನ ಜೊತೆಯಲ್ಲಿಯೇ, ಇಮ್‌ಹೋಟೆಪನ ಹೆಸರೂ ಪದವಿಗಳೂ ಕೆತ್ತಲ್ಪಟ್ಟಿದ್ದವು. ಅರಸನ ಪೀಠದಲ್ಲಿ ಅಧಿಕಾರಿಯೊಬ್ಬನಿಗೆ ಸ್ಥಾನ ದೊರೆತುದು ಅತ್ಯಂತ ವಿರಳವಾದ ಗೌರವ. ಮುಂದಿನ ದೊರೆ ಸೆಖೆಮ್‌ಖೆತನ ಪಿರಮಿಡ್ಡಿನ ಪ್ರಾಕಾರದ ಗೋಡೆಯ ಮೇಲೂ ಕೆಂಪು ಶಾಯಿಯಲ್ಲಿ ಬರೆದ ಇದೇ ಹೆಸರು ಕಂಡುಬಂದಿದೆ.

ಆತನ ಸಮಾಧಿಯನ್ನು ಅರಸುತ್ತ ಬ್ರಿಟಿಷ್ ವಿದ್ವಾಂಸ ವಾಲ್ಟರ್ ಎಮರಿ 1964ರಿಂದ ಸಕ್ಕಾರಾದ ಮರಳನ್ನು ಅಗೆಸಿದರು. ಸಂರಕ್ಷಿತ ಐಬಿಸ್ ಪಕ್ಷಿಗಳ ಲಕ್ಷಗಟ್ಟಲೆ ದೇಹಗಳಿದ್ದ ಸುರಂಗಗಳು ತೆರೆದುಕೊಂಡವು. 1971ರಲ್ಲಿ ಎಮರಿ ನಿಧನರಾದರು. ಇಮ್‌ಹೋಟೆಪನ ಸಮಾಧಿ ಈವರೆಗೂ ದೊರೆತಿಲ್ಲ.